ಮೇಣದ ಮುಖ ಹೊತ್ತ ಅಗಸ

ಸುಬುರ ಎಂಬ ಬಡವರ ಕೇರಿಯ ಇಳಿಜಾರಿನ ಅಗಸ ವಿಬಿಯಸ್‌ಗೆ ಎರಡು ನಡಿಗೆ ಇದ್ದವು. ಒಂದು ಅವನದೇ, ಇನ್ನೊಂದು ಸತ್ತವನೊಬ್ಬನದು.

ಅವನದೇ ನಡಿಗೆಯಲ್ಲಿ ಅವನು ದಿನವೂ ಕೋಳಿ ಕೂಗುವ ಹೊತ್ತಿಗೆ ವೆಲ್ಕೀನಿಯಸ್ ಮನೆತನದವರ ಬಾಗಿಲಿಗೆ ಹೋಗುತ್ತಿದ್ದ. ಅಲ್ಲಿ ಅವನಂಥ ಆಶ್ರಿತರು ಸಾಲಾಗಿ ನಿಂತಿರುತ್ತಿದ್ದರು. ಧಣಿ ಆಕಳಿಸುತ್ತ ಹೊರಗೆ ಬಂದಾಗ ಕೈಯೆತ್ತಿ ಶುಭ ಕೋರಬೇಕು, ಪೇಟೆಗೆ ಇಳಿದರೆ ಹಿಂದೆ ಗುಂಪಾಗಿ ನಡೆದು ಅವನನ್ನು ಇನ್ನಷ್ಟು ದೊಡ್ಡವನಾಗಿ ತೋರಿಸಬೇಕು, ಚುನಾವಣೆಯ ದಿನ ಅವನು ಹೇಳಿದವರಿಗೆ ಮತ ಹಾಕಬೇಕು. ಇಷ್ಟಕ್ಕೆ ಬುಟ್ಟಿಗೆ ರೊಟ್ಟಿ, ಒಂದು ಹಿಡಿ ಆಲಿವ್ ಕಾಯಿ, ಹಬ್ಬವಿದ್ದರೆ ಹಂದಿಮಾಂಸದ ತುಂಡು ಬೀಳುತ್ತಿತ್ತು. ವಿಬಿಯಸ್‌ನ ಅಪ್ಪನೂ ಅದೇ ಬಾಗಿಲಿನವನು, ಅಜ್ಜನೂ ಅದೇ ಬಾಗಿಲಿನವನು. ಮೂಗು ಬಾಯಿ ಬಂದ ಹಾಗೆ ಧಣಿಯ ಮನೆಯೂ ವಂಶದಿಂದಲೇ ಬರುತ್ತದೆ, ಆರಿಸಿಕೊಳ್ಳುವುದಕ್ಕೆ ಆಗುವುದಿಲ್ಲ.

ಅಲ್ಲಿಂದ ಬಂದವನು ಸಂಜೆಯವರೆಗೆ ತೊಟ್ಟಿಯಲ್ಲಿ ಮೊಣಕಾಲುದ್ದ ನಿಂತು ಬಟ್ಟೆ ತುಳಿಯುತ್ತಿದ್ದ. ತೊಟ್ಟಿಯಲ್ಲಿ ಇರುವುದು ನೀರಲ್ಲ, ಬೀದಿ ಮೂಲೆಯ ಮಡಕೆಗಳಿಂದ ಹೊತ್ತು ತಂದ ಉಚ್ಚೆ. ಹುಳಿತ ಉಚ್ಚೆಯಷ್ಟು ಚೆನ್ನಾಗಿ ಕೊಳೆ ಬಿಡಿಸುವುದು ಬೇರೆ ಯಾವುದೂ ಇಲ್ಲ. ಚುನಾವಣೆಗೆ ನಿಂತವರು ಬೆಳ್ಳಗೆ ಹೊಳೆಯಲಿ ಎಂದು ಮೈಗೆ ಸುತ್ತಿಕೊಳ್ಳುವ ಟೋಗಕ್ಕೆ ಬಿಳಿ ಮಣ್ಣು ತಿಕ್ಕಿಸಿಕೊಳ್ಳುತ್ತಾರಲ್ಲ, ಆ ಬಿಳುಪಿನ ಬುಡದಲ್ಲಿ ಇರುವುದು ಸುಬುರದವರ ಉಚ್ಚೆಯೇ ಎಂಬುದು ನಮ್ಮ ಬೀದಿಯ ಹಳೆಯ ತಮಾಷೆ. ಪ್ರತಿ ಚುನಾವಣೆಗೂ ಅದನ್ನೇ ಹೇಳುತ್ತೇವೆ, ಪ್ರತಿ ಸಲವೂ ನಗುತ್ತೇವೆ.

ಇನ್ನು ಆ ಎರಡನೆಯ ನಡಿಗೆ. ದೊಡ್ಡ ಮನೆಗಳ ನಡುಮನೆಯಲ್ಲಿ ಮರದ ಗೂಡುಗಳಿರುತ್ತವೆ. ಒಂದೊಂದು ಗೂಡಿನಲ್ಲೂ ಒಬ್ಬೊಬ್ಬ ಪೂರ್ವಜನ ಮೇಣದ ಮುಖ. ಅಧಿಕಾರ ಅನುಭವಿಸಿದವನ ಮುಖ ಮಾತ್ರ ಅಲ್ಲಿ ಉಳಿಯುತ್ತದೆ, ನಮ್ಮಂಥವರ ಮುಖ ನಮ್ಮ ಜೊತೆಗೇ ಹೋಗುತ್ತದೆ. ಮನೆಯಲ್ಲಿ ಸಾವಾದಾಗ ಆ ಮುಖಗಳನ್ನು ಹೊರಗೆ ತೆಗೆಯುತ್ತಾರೆ. ಬಾಡಿಗೆಯವರೋ ಆಶ್ರಿತರೋ ಅವನ್ನು ಕಟ್ಟಿಕೊಂಡು, ಆಯಾ ಪೂರ್ವಜ ಉಡುತ್ತಿದ್ದ ಬಟ್ಟೆ ಉಟ್ಟು, ಅವನ ಹಾಗೆ ನಡೆದು, ಅವನ ಹಾಗೆ ಮಾತಾಡಿ, ಹೆಣದ ಮುಂದೆ ಸಾಗಬೇಕು. ಆ ಹೊತ್ತು ಅವರು ಅವರಲ್ಲ. ಬೀದಿಯವರೂ ಅವರನ್ನು ಸತ್ತವರೆಂದೇ ಕರೆದು ಮಾತಾಡಿಸುತ್ತಾರೆ.

ಎರಡು ಸಲ ಊರಿನ ಅತಿ ದೊಡ್ಡ ಹುದ್ದೆಯಾದ ಕಾನ್ಸಲ್ ಆಗಿ, ಈಗ ಗೂಡಿನ ಮುಖವಾಗಿದ್ದ ಕೇಸೊ ವೆಲ್ಕೀನಿಯಸ್‌ನ ಎಡ ಹೆಗಲು ಈಟಿಯ ಪೆಟ್ಟಿನಿಂದ ಇಳಿಬಿದ್ದಿತ್ತು. ಎಳೆಯ ವಯಸ್ಸಿನಿಂದ ಒದ್ದೆ ಬಟ್ಟೆ ಹೊತ್ತು ವಿಬಿಯಸ್‌ನ ಎಡ ಹೆಗಲೂ ಹಾಗೇ ಇಳಿಬಿದ್ದಿತ್ತು. ಆ ಮನೆಯ ಮುದುಕ ಆಳು ಹೆರ್ಮೋನ್ ಒಂದು ದಿನ ಬಾಗಿಲಲ್ಲಿ ನಿಂತ ವಿಬಿಯಸ್‌ನನ್ನು ಹಿಂದಿನಿಂದ ನೋಡಿ, ಕೈಯಲ್ಲಿದ್ದ ತಟ್ಟೆ ಬೀಳಿಸಿಕೊಂಡ. ಕೇಸೊ ಬದುಕಿದ್ದಾಗ ಅವನ ಕಾಲು ತೊಳೆದು, ಹಾಸಿಗೆ ಹಾಸಿದವನು ಈ ಹೆರ್ಮೋನ್.

"ಅಯ್ಯೋ ನಿನ್ನ, ಒಂದು ಗಳಿಗೆ ನನ್ನ ಜೀವ ಬಾಯಿಗೆ ಬಂದಿತ್ತು ಕಣಯ್ಯ," ಎಂದ ಅವನು. "ನಡಿ ನೋಡೋಣ ಇಲ್ಲಿಂದ ಅಲ್ಲಿಗೆ. ಉಹೂಂ, ಅಗಸನ ಹಾಗಲ್ಲ. ಊರೆಲ್ಲ ನಿನಗಾಗಿ ಕಾಯ್ತಾ ಇದೆ ಅನ್ನೋ ಹಾಗೆ ನಡಿ."

ವಿಬಿಯಸ್ ಇನ್ನೂ ಮೀಸೆ ಚಿಗುರಿದ ಪ್ರಾಯದವನು. ಅವನಿಗೆ ಅದು ಸಿಂಹಾಸನ ಸಿಕ್ಕ ಹಾಗಾಯಿತು. ಹೆರ್ಮೋನ್ ಕತ್ತು ಎತ್ತುವುದು ಕಲಿಸಿದ, ನಿಧಾನ ಕಲಿಸಿದ, ಮೂಗಿನಿಂದ ಹೊರಡುವ ಆ ಒಣ ದನಿ ಕಲಿಸಿದ. ಕುರ್ಚಿಯಲ್ಲಿ ಕೂತಾಗ ಬಲಗೈಯ ಎರಡು ಬೆರಳಲ್ಲಿ ಕುರ್ಚಿಯ ಕೈಯನ್ನು ಟಕ್ ಟಕ್ ಎಂದು ಬಡಿಯುವುದನ್ನು ಎಲ್ಲಕ್ಕಿಂತ ಹೆಚ್ಚು ತಿದ್ದಿ ತಿದ್ದಿ ಕಲಿಸಿದ. ಕೇಸೊಗೆ ಆ ಚಾಳಿ ಇತ್ತಂತೆ.

ಕೊನೆಗೆ ಒಂದು ಮಾತು ಹೇಳಿದ: "ಯಾರ ಮುಖ ಹೊತ್ತಿದೀನಿ ಅಂತ ಮನೇಲಿ ಬಾಯಿ ಬಿಡಬೇಡ. ಹೊಸ್ತಿಲ ಒಳಗೆ ಹೆಸರು ಹೇಳಿದ್ರೆ ಕರೆದ ಹಾಗಾಗತ್ತೆ. ಕರೆದ್ಮೇಲೆ ಬರ್ತಾರೆ."

ಮುಖ ಹೊರುವವರೆಲ್ಲ ಪಾಲಿಸುವ ಕಟ್ಟು ಅದು. ವಿಬಿಯಸ್ ಇಪ್ಪತ್ತು ವರ್ಷ ಪಾಲಿಸಿದ. ಸಾವಾದಾಗೆಲ್ಲ ಮುಖ ಕಟ್ಟಿದ, ಜೇನುಮೇಣದ ಹಳಸಿದ ಸಿಹಿ ವಾಸನೆಯಲ್ಲಿ ಉಸಿರಾಡಿದ, ಕಣ್ಣಿನ ಸಣ್ಣ ತೂತುಗಳಿಂದ ಊರನ್ನು ನೋಡಿದ. ಆ ತೂತುಗಳಿಂದ ನೋಡಿದರೆ ಜನ ಚಿಕ್ಕದಾಗಿ ಕಾಣುತ್ತಿದ್ದರು. ಬೀದಿಯಲ್ಲಿ ತನ್ನನ್ನು ಮೂಗು ಮುಚ್ಚಿಕೊಂಡು ದಾಟುವ ವ್ಯಾಪಾರಿಗಳು ಆ ದಿನ ಬಾಗಿ ದಾರಿ ಬಿಡುತ್ತಿದ್ದರು. ಅದು ಅವನಿಗೆ ಎಷ್ಟು ಇಷ್ಟವಾಗುತ್ತಿತ್ತು ಎಂದರೆ, ಧಣಿಯ ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಒಳಗೊಳಗೇ ಖುಷಿಪಡುತ್ತಿದ್ದ. ನಾಚಿಕೆಯೂ ಆಗುತ್ತಿತ್ತು ಅನ್ನಿ.

ಅವನ ತಾಯಿಯ ಹೆಸರು ಹೆಲ್ವಿಯ. ಅವಳು ಒಂದು ಮೆರವಣಿಗೆಯನ್ನೂ ನೋಡಲು ಬಂದವಳಲ್ಲ. "ಗುಂಪಲ್ಲಿ ನಂಗೆ ಉಸಿರು ಕಟ್ಟತ್ತೆ," ಎನ್ನುತ್ತಿದ್ದಳು. ಬಿರುಸು ಮುದುಕಿ. ಅವಳಿಗೆ ಎರಡು ವಿಚಿತ್ರ ಹಟಗಳಿದ್ದವು. ಮನೆಗೆ ಬಾರ್ಲಿ ತರಕೂಡದು, ಬಾರ್ಲಿಯ ಗಂಜಿಯ ವಾಸನೆ ಬಂದರೂ ಎದ್ದು ಹೋಗುತ್ತಿದ್ದಳು. ಎರಡನೆಯದು, ಸತ್ತ ಮೇಲೆ ತನ್ನನ್ನು ಊರಿನ ಎಸ್ಕ್ವಿಲಿನ್ ಹೆಬ್ಬಾಗಿಲಿನ ಹೊರಗಿನ ಗುಂಡಿಗೆ ಹಾಕಕೂಡದು.

ಆ ಗುಂಡಿಗಳ ವಿಷಯ ಸುಬುರದಲ್ಲಿ ಯಾರೂ ಜೋರಾಗಿ ಆಡುವುದಿಲ್ಲ. ಸೌದೆಗೆ ಗತಿಯಿಲ್ಲದವರು, ಗೋರಿಗೆ ಜಾಗವಿಲ್ಲದವರು ಕೊನೆಗೆ ಹೋಗುವುದು ಅಲ್ಲಿಗೇ. ಒಬ್ಬರ ಮೇಲೆ ಒಬ್ಬರು. ನಾಯಿಗಳೂ ಹದ್ದುಗಳೂ ಅಲ್ಲಿ ಮೈತುಂಬಿಕೊಂಡಿರುತ್ತವೆ.

"ನಾಯಿ ತಿಂದ್ರೆ ತಿನ್ಲಿ, ಸತ್ಮೇಲೆ ನೋವೇನು," ಎಂದು ಹೆಲ್ವಿಯ ನೂಲುತ್ತ ಹೇಳುತ್ತಿದ್ದಳು. "ಆದ್ರೆ ಫೆಬ್ರವರೀಲಿ ಸತ್ತವರ ದಿನ ಬರತ್ತಲ್ಲ ಮಗಾ. ಆಗ ನೀನು ವೈನಲ್ಲಿ ನೆನೆಸಿದ ರೊಟ್ಟಿ ತರ್ತೀಯ. ಎಲ್ಲಿ ಇಡ್ತೀಯ? ಯಾವ ಮಣ್ಣಿಗೆ ಅವ್ವ ಅಂತೀಯ? ಹಸಿದ್ಕೊಂಡು ಅಲೀಬೇಕಾ ನಾನು?"

"ಇಲ್ಲ ಕಣವ್ವ. ಜಾಗ ಮಾಡ್ತೀನಿ," ಎನ್ನುತ್ತಿದ್ದ ವಿಬಿಯಸ್. ಮಾಡಬೇಕು ಎಂಬ ಒಂದೇ ಆಸೆ ಅವನ ಬದುಕಿನಲ್ಲಿ ಇತ್ತು ಎಂದರೂ ಸರಿಯೇ.

ಆ ಇಪ್ಪತ್ತನೆಯ ವರ್ಷ ಹಿರಿಯ ಧಣಿ, ಕೇಸೊನ ಮಗ, ಸತ್ತ. ಕೇಸೊನ ಮೊಮ್ಮಗ ಮಾನಿಯಸ್ ಪ್ರೀಟರ್ ಎಂಬ ನ್ಯಾಯಾಧಿಕಾರಿಯ ಹುದ್ದೆಗೆ ನಿಲ್ಲುವವನಿದ್ದ. ಚುನಾವಣೆಗೆ ಮುಂಚೆ ಬಂದ ಅಪ್ಪನ ಸಾವು ದೊಡ್ಡ ಮನೆಯವರಿಗೆ ಬರೀ ದುಃಖವಲ್ಲ. ಊರೆಲ್ಲ ಸೇರುತ್ತದೆ, ಪೂರ್ವಜರೆಲ್ಲ ಬೀದಿಗೆ ಬರುತ್ತಾರೆ, ವೇದಿಕೆಯ ಮೇಲೆ ನಿಂತು ತನ್ನ ವಂಶದ ಹೆಮ್ಮೆ ಹೇಳಿಕೊಳ್ಳಬಹುದು. ಬಿಳಿ ಮಣ್ಣು ತಿಕ್ಕಿದ ಟೋಗಕ್ಕಿಂತ ಇದು ಹೆಚ್ಚು ಬೆಳ್ಳಗೆ ಹೊಳೆಯುತ್ತದೆ. ಮಾನಿಯಸ್ ವಿಬಿಯಸ್‌ನನ್ನು ಒಳಗೆ ಕರೆಸಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೂರಲು ಹೇಳಿದ.

"ಅಜ್ಜ ಈ ಸಲ ಚೆನ್ನಾಗಿ ಬರಬೇಕು," ಎಂದ. "ಜನಕ್ಕೆ ಅವರ ಗತ್ತು ನೆನಪಾಗಬೇಕು. ನಿನಗೇನು ಬೇಕು ಕೇಳು."

ವಿಬಿಯಸ್‌ಗೆ ಬೇಕಿದ್ದದ್ದು ತಾಯಿಗೆ ಒಂದು ಜಾಗ. ಅದನ್ನೇ ಕೇಳಿದ. ಮಾನಿಯಸ್ ಒಂದಿಷ್ಟೂ ಯೋಚಿಸದೆ ಒಪ್ಪಿದ. ಮನೆತನದ ಸಮಾಧಿಯ ಕೆಳಸಾಲಿನಲ್ಲಿ ಆಳುಗಳಿಗೂ ಆಶ್ರಿತರಿಗೂ ಬೂದಿಯ ಗೂಡುಗಳಿದ್ದವು. ಅದರಲ್ಲೊಂದು ಹೆಲ್ವಿಯಳಿಗೆ, ಮೇಲೆ ಹೆಸರು ಕೆತ್ತಿಸಿ.

ವಿಬಿಯಸ್ ಮೆಟ್ಟಿಲುಗಳನ್ನು ಹಾರುತ್ತ ಹತ್ತಿ ಮನೆಗೆ ಬಂದ. ಮೇಲಿನ ಅಟ್ಟದ ಕೋಣೆ ಅದು. ಹೆಂಡತಿ ನೋನಿಯ ಎಲೆಕೋಸು ಹೆಚ್ಚುತ್ತಿದ್ದಳು. ಕಿಟಕಿಯ ಬೆಳಕಿಗೆ ತಾಯಿ ನೂಲುತ್ತಿದ್ದಳು.

"ಅವ್ವಾ, ಗೂಡು ಸಿಕ್ತು! ಧಣಿ ಮನೆ ಸಮಾಧೀಲೇ! ಹೆಸರೂ ಕೆತ್ತಿಸ್ತಾರಂತೆ. ಒಳ್ಳೇ ಜಾಗ ಕಣವ್ವ, ಕೇಸೊ ಧಣಿ ಬೂದಿ ಇಟ್ಟಿದಾರಲ್ಲ, ಸರಿಯಾಗಿ ಅದರ ಕಾಲಡೀಲಿ. ನಾನು ಮುಖ ಹೊರೋದು ಅವರದೇ ಅಲ್ವಾ, ಅದಕ್ಕೇ..."

"ರೀ!" ನೋನಿಯ ಚಾಕು ಕೆಳಗಿಟ್ಟಳು. "ಹೆಸರು ಹೇಳ್ಬಿಟ್ರಲ್ರೀ!"

ವಿಬಿಯಸ್ ನಾಲಗೆ ಕಚ್ಚಿಕೊಂಡ. ಇಪ್ಪತ್ತು ವರ್ಷ ಕಟ್ಟಿಕೊಂಡಿದ್ದ ಬಾಯಿ ಒಂದು ಖುಷಿಗೆ ಬಿಚ್ಚಿಹೋಗಿತ್ತು. ನಗಲು ನೋಡಿದ. ತಾಯಿ ನಗಲಿಲ್ಲ. ಕದಿರು ಅವಳ ಕೈಯಿಂದ ಜಾರಿ, ಉರುಳಿ, ಗೋಡೆಗೆ ತಾಗಿ ನಿಂತಿತು.

"ಯಾರ ಮುಖ?" ಎಂದಳು.

ಅವನು ಮೇಜಿನ ಮೇಲೆ ಕೈಯೂರಿ ನಿಂತ. ಆಗ ಆ ಸದ್ದು ಕೇಳಿಸಿತು. ಟಕ್ ಟಕ್. ಟಕ್ ಟಕ್. ಮೂವರೂ ಮೇಜಿನ ಕಡೆ ನೋಡಿದರು. ವಿಬಿಯಸ್‌ನ ಬಲಗೈಯ ಎರಡು ಬೆರಳು ಮರವನ್ನು ಬಡಿಯುತ್ತಿದ್ದವು. ಅವನು ಬಡಿಯುತ್ತಿರಲಿಲ್ಲ. ಮುಖ ಕಟ್ಟದೆ ಹಿಂದೆಂದೂ ಹಾಗಾಗಿರಲಿಲ್ಲ. ಕೈಯನ್ನು ಎಳೆದುಕೊಂಡು ಕಂಕುಳಲ್ಲಿ ಒತ್ತಿ ಹಿಡಿದ. ಅಲ್ಲಿಯೂ ಅವು ಪಕ್ಕೆಯನ್ನು ಮೆಲ್ಲಗೆ ಬಡಿಯುತ್ತಿದ್ದವು.

"ಅವನೇ," ಎಂದಳು ಹೆಲ್ವಿಯ. "ಆವತ್ತೂ ಹೀಗೇ ಬಡೀತಾ ಕೂತಿದ್ದ."

"ಯಾವತ್ತು ಅವ್ವ?"

"ನಿಮ್ಮಪ್ಪನ್ನ ಕೊಂದ ದಿನ."

ವಿಬಿಯಸ್‌ನ ಅಪ್ಪ ಸೈನಿಕನಾಗಿ ಹೋಗಿ ಪಾಳೆಯದಲ್ಲಿ ಜ್ವರ ಬಂದು ಸತ್ತ ಎಂದೇ ಅವನಿಗೆ ಗೊತ್ತಿದ್ದದ್ದು. ಅವನು ಹುಟ್ಟುವ ಮುಂಚಿನ ಮಾತು. ಹೆಲ್ವಿಯ ಈಗ ಗೋಡೆ ನೋಡಿಕೊಂಡು ಹೇಳತೊಡಗಿದಳು.

"ನಾನು ಸಾಮಾನಿನ ಗಾಡಿ ಹಿಂದೆ ರೊಟ್ಟಿ ಮಾರ್ಕೊಂಡು ಹೋಗ್ತಿದ್ದೆ. ನೀನು ಹೊಟ್ಟೇಲಿದ್ದೆ. ಅರಿಮಿನುಮ್ ಹತ್ರ ಯುದ್ಧದಲ್ಲಿ ಒಂದು ಸಾಲು ಮುರೀತು, ಜನ ಓಡಿದ್ರು. ಯಾರು ಮೊದ್ಲು ಓಡಿದ್ದು ಅಂತ ಯಾರಿಗೂ ಗೊತ್ತಿಲ್ಲ. ಕಾನ್ಸಲ್ ಆಗಿದ್ದ ಅವನು ಎಲ್ರನ್ನೂ ಸಾಲಾಗಿ ನಿಲ್ಲಿಸ್ದ. ಶಿರಸ್ತ್ರಾಣದಲ್ಲಿ ಹರಳು ಹಾಕಿದ್ರು. ಹತ್ತು ಜನಕ್ಕೆ ಒಂದು ಕರಿ ಹರಳು, ಅದು ಬಂದವನು ಸಾಯ್ಬೇಕು. ನಿಮ್ಮಪ್ಪ ಕೈ ಹಾಕ್ದ. ತೆಗ್ದ. ನೋಡ್ದ. ಆಮೇಲೆ ಒಂದೇ ಡೇರೆಯಲ್ಲಿ ಮಲಗ್ತಿದ್ದ ಅವನ ಗೆಳೆಯರ ಕೈಗೇ ದೊಣ್ಣೆ ಕೊಟ್ರು."

ನೋನಿಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಉಳಿದವರಿಗೆ ಗೋಧಿ ಬದಲು ಬಾರ್ಲಿ ಅಳೆದ್ರು, ದಂಡನೆ ಅಂತ. ಹೊಡೆದವರಲ್ಲೊಬ್ಬ ಆ ಬಾರ್ಲಿ ತಂದು ನನ್ನ ಮಡಿಲಿಗೆ ಹಾಕ್ದ. ನಂಗೆ ಕೊಡೋಕೆ ಅವನ ಹತ್ರ ಇದ್ದದ್ದು ಅದೊಂದೇ. ಅಷ್ಟೂ ಹೊತ್ತು ಕಾನ್ಸಲ್ ಕುರ್ಚೀಲಿ ಕೂತಿದ್ದ. ಟಕ್ ಟಕ್ ಅಂತ."

"ಮತ್ಯಾಕವ್ವ ಆ ಬಾಗಿಲಿಗೇ ಕಳಿಸ್ದೆ ನನ್ನ?" ಎಂದ ವಿಬಿಯಸ್.

"ಇನ್ಯಾವ ಬಾಗಿಲಿತ್ತು?" ಅವಳು ತಿರುಗಿ ಗದರಿದಳು. "ಹೇಡಿಯ ಹೆಂಡ್ತಿ ಅಂತ ಪಾಳೆಯವೇ ಉಗೀತಿತ್ತು. ಹೊಟ್ಟೇಲಿ ನೀನು. ಕೊಂದವನೂ ಅವನೇ, ರೊಟ್ಟಿ ಹಾಕೋನೂ ಅವನೇ. ತಿಂದೆ. ನಿಂಗೂ ತಿನ್ನಿಸ್ದೆ. ನಂಗೆ ನಾಚಿಕೆ ಇಲ್ಲ ಅನ್ಕೋಬೇಡ."

ಅವನು ಅಮ್ಮನ ಕಾಲ ಬಳಿ ಕೂತ. ಇಪ್ಪತ್ತು ವರ್ಷ ತಾನು ಆ ಮುಖದೊಳಗೆ ಎಷ್ಟು ಸುಖವಾಗಿ ಉಸಿರಾಡಿದೆ ಎಂದು ನೆನೆದು ಎಡಗೈಯಿಂದ ಕೆನ್ನೆ ಉಜ್ಜಿಕೊಂಡ. ಹೋಗಲ್ಲ, ನಾಳೆಯೇ ಹೋಗಿ ಹೇಳಿಬಿಡುತ್ತೇನೆ, ಬೇರೆ ಯಾರಾದರೂ ಹೊರಲಿ ಎಂದ. ಹೋಗದಿದ್ದರೆ ಗೂಡಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಹೆಲ್ವಿಯ ಕದಿರನ್ನು ಎತ್ತಿಕೊಂಡು ಧೂಳು ಒರೆಸಿದಳು.

"ಹೋಗು," ಎಂದಳು. "ಮುಖ ಹೊತ್ಕೊ. ನಾನೂ ಬರ್ತೀನಿ. ಸತ್ತವನು ಬೀದಿಗೆ ಬಂದಾಗ ಯಾರು ಬೇಕಾದ್ರೂ ಮಾತಾಡಿಸಬಹುದು, ಅಲ್ವಾ? ಒಂದೇ ಒಂದು ಮಾತು ಕೇಳ್ಬೇಕು ಅವನ್ನ. ನನ್ನ ಗಂಡ ಏನು ತಪ್ಪು ಮಾಡಿದ್ದ ಅಂತ. ಉತ್ತರ ಸಿಕ್ರೆ ಅವನ ಕಾಲಡಿ ಮಲಗೋಕೂ ಸೈ. ಸಿಗದಿದ್ರೆ ಗುಂಡಿಗೇ ಹಾಕು."

"ಅವ್ವಾ, ಒಳಗಿರೋದು ನಾನು ಕಣೇ!"

ಅವಳು ಅವನ ಕಂಕುಳ ಕಡೆ ನೋಡಿದಳು. ಬೆರಳು ಇನ್ನೂ ನಿಂತಿರಲಿಲ್ಲ.

"ನೋಡೋಣ," ಎಂದಳು.

ಮೆರವಣಿಗೆಯ ದಿನ ಬಿಸಿಲು ಚುರುಕಾಗಿತ್ತು. ಕೊಳಲಿನವರು, ಅಳುವ ಹೆಂಗಸರು, ಆಮೇಲೆ ಸತ್ತವರ ಸಾಲು. ನೇರಳೆ ಅಂಚಿನ ಟೋಗ ಉಟ್ಟ ವಿಬಿಯಸ್‌ನ ಮುಂದೆ ಕಾನ್ಸಲ್‌ನ ಅಧಿಕಾರದ ಗುರುತಾದ ಬೆತ್ತದ ಕಟ್ಟು ಹೊತ್ತವರು ದಾರಿ ಬಿಡಿಸುತ್ತಿದ್ದರು. ಹೆರ್ಮೋನ್ ಬೆಳಿಗ್ಗೆ ಮುಖ ಕಟ್ಟುವಾಗ ಅದು ಎಂದಿನ ಹಾಗೆ ಸಡಿಲವಾಗಿರಲಿಲ್ಲ. ಕೆನ್ನೆಗೆ ಕೆನ್ನೆ, ಹಣೆಗೆ ಹಣೆ ಕೂತುಬಿಟ್ಟಿತ್ತು. ಬಿಸಿಲಿಗೆ ಮೇಣ ಬೆಚ್ಚಗಾಗಬೇಕು. ಅದು ತಣ್ಣಗಿತ್ತು, ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗೆ. ಒಂದು ವಿಷಯ ಅವನನ್ನು ಅದಕ್ಕಿಂತ ಹೆಚ್ಚಾಗಿ ಹೆದರಿಸಿತು. ಅವನು ಉಸಿರು ಬಿಗಿಹಿಡಿದರೂ ಮುಖದೊಳಗೆ ಉಸಿರಾಟ ಕೇಳಿಸುತ್ತಿತ್ತು.

ಊರ ಸಭೆ ಸೇರುವ ಬಯಲು, ಫೋರಂ, ತಲುಪಿದರು. ವೈರಿ ಹಡಗುಗಳ ಮೂತಿ ಸಿಕ್ಕಿಸಿದ ವೇದಿಕೆಯ ಮೇಲೆ ದಂತದ ಕುರ್ಚಿಗಳಿದ್ದವು. ಪೂರ್ವಜರು ಹಿರಿತನದಂತೆ ಕೂತರು. ಹೆಣವನ್ನು ಎತ್ತಿ ಒರಗಿಸಿ ನಿಲ್ಲಿಸಿದ್ದರು. ಕೆಳಗೆ ತಲೆಗಳೇ ತಲೆಗಳು. ಮೊದಲು ಸ್ವಲ್ಪ ತಮಾಷೆಗೆ ಬಿಡುವುದು ರೂಢಿ. ಒಬ್ಬ ಮೀನು ಮಾರುವವನು ಕೂಗಿದ:

"ಕೇಸೊ ಧಣೀ! ಪಾತಾಳದಲ್ಲಿ ಬಾಡಿಗೆ ಹೆಂಗೆ?"

"ಸುಬುರಕ್ಕಿಂತ ಅಗ್ಗ," ಎಂದ ವಿಬಿಯಸ್, ಹೆರ್ಮೋನ್ ಕಲಿಸಿದ್ದ ಮೂಗಿನ ದನಿಯಲ್ಲಿ. "ಮಾಳಿಗೆ ಸೋರುವುದಿಲ್ಲ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾನಿಯಸ್ ಕೂಡ ತುಟಿಯಂಚಿನಲ್ಲಿ ನಕ್ಕು, ಆಮೇಲೆ ಭಾಷಣಕ್ಕೆ ನಿಂತ. ಅಪ್ಪನನ್ನು ಹೊಗಳಿದ, ಮುತ್ತಜ್ಜನನ್ನು ಹೊಗಳಿದ. ಅಜ್ಜನಲ್ಲಿಗೆ ಬಂದ.

"ಇಗೋ ಇಲ್ಲಿ ಕೂತಿರುವ ಕೇಸೊ," ಎಂದು ಕೈ ಚಾಚಿದ. "ಅರಿಮಿನುಮ್ ಪಾಳೆಯದಲ್ಲಿ ಓಡಿದ ಹೇಡಿಗಳನ್ನು ಹತ್ತಕ್ಕೊಬ್ಬನಂತೆ ಆರಿಸಿ ಶಿಕ್ಷಿಸಿದವರು. ಅಂದು ಅವರ ಕೈ ನಡುಗಲಿಲ್ಲ. ಈ ಊರಿಗೆ ಇಂದು ಬೇಕಾಗಿರುವುದು ಅಂಥ ಕೈ!"

ಮುಂದಿನ ಸಾಲಿನಲ್ಲಿ ಕದಲಿಕೆಯಾಯಿತು. ಕಪ್ಪು ಹೊದಿಕೆಯ ಮುದುಕಿಯೊಬ್ಬಳು ಜನರನ್ನು ಮೊಣಕೈಯಿಂದ ಸರಿಸುತ್ತ ವೇದಿಕೆಯ ಬುಡಕ್ಕೆ ಬಂದು ನಿಂತಳು. ಇದೂ ತಮಾಷೆಯೇ ಎಂದುಕೊಂಡು ಕೆಲವರು ಆಗಲೇ ನಗಲು ಬಾಯಿ ತೆರೆದಿದ್ದರು.

"ಕೇಸೊ ಧಣೀ," ಎಂದಳು ಹೆಲ್ವಿಯ. ದನಿ ಸಣ್ಣದು, ಆದರೆ ಅಲುಗಲಿಲ್ಲ. "ನಾನು ಸ್ಟಾಟಿಯಸ್ ವಿಬಿಯಸ್ ಹೆಂಡ್ತಿ. ನಿಮ್ಮ ಪಾಳೆಯದಲ್ಲಿ ಕರಿ ಹರಳು ಎತ್ತಿದವನ ಹೆಂಡ್ತಿ. ನನ್ನ ಗಂಡ ಏನು ತಪ್ಪು ಮಾಡಿದ್ದ?"

ವಿಬಿಯಸ್‌ಗೆ ತೂತುಗಳಿಂದ ಅಮ್ಮ ಕಂಡಳು, ಚಿಕ್ಕದಾಗಿ, ದೂರದಲ್ಲಿ. "ಮನೆಗೆ ಹೋಗವ್ವಾ" ಎನ್ನಬೇಕೆಂದು ಬಾಯಿ ತೆರೆದ. ಗೂಡು ಹೋದೀತು, ಸುಮ್ಮನೆ ಹೋಗಿಬಿಡವ್ವ ಎಂದು ಬೇಡಬೇಕೆಂದೇ ತೆರೆದ. ಅಷ್ಟರಲ್ಲಿ ಬೆರಳುಗಳು ದಂತದ ಮೇಲೆ ಬಡಿಯತೊಡಗಿದವು. ಟಕ್ ಟಕ್. ಇಡೀ ಫೋರಂಗೆ ಕೇಳಿಸುವ ಹಾಗೆ.

"ಏನೂ ಮಾಡಿರಲಿಲ್ಲ," ಎಂದಿತು ದನಿ.

ಅದು ಹೆರ್ಮೋನ್ ಕಲಿಸಿದ್ದ ದನಿಯಲ್ಲ. ಹೆರ್ಮೋನ್ ಕಲಿಸಿದ್ದು ಇದರ ಅಣಕವಷ್ಟೇ ಎಂದು ವಿಬಿಯಸ್‌ಗೆ ಆಗ ಗೊತ್ತಾಯಿತು. ಇದರಲ್ಲಿ ಸಿಟ್ಟಿರಲಿಲ್ಲ, ಮರುಕವೂ ಇರಲಿಲ್ಲ. ಊಟದ ನಡುವೆ ಯಾರೋ ಕೇಳಿದ್ದಕ್ಕೆ ಉತ್ತರ ಹೇಳುವವನ ಬೇಸರವಿತ್ತು.

"ತಪ್ಪು ಯಾರದೆಂದು ನನಗೆ ಗೊತ್ತಿದ್ದರೆ," ಎಂದಿತು ಅದು, "ಹರಳು ಯಾಕೆ ಬೇಕಿತ್ತು?"

ಹಿಂದೆ ಎಲ್ಲೋ ಒಬ್ಬ ಮುದಿ ಸೈನಿಕ ಮಗುವಿನ ಹಾಗೆ ಗೊಳೋ ಎಂದು ಅತ್ತ. ಆಮೇಲೆ ಒಬ್ಬ ಹುಯಿಲಿಟ್ಟ, ಇನ್ನೊಬ್ಬ, ಆಮೇಲೆ ಎಲ್ಲರೂ. ಮಾನಿಯಸ್ ಕೈಯೆತ್ತಿ ಏನೋ ಹೇಳುತ್ತಿದ್ದ, ಯಾರಿಗೂ ಕೇಳಿಸಲಿಲ್ಲ. ಹೆಲ್ವಿಯ ಮಾತ್ರ ತಲೆಯ ಹೊದಿಕೆ ಸರಿಪಡಿಸಿಕೊಂಡು, ತಕ್ಕಡಿಯಲ್ಲಿ ಸರಿಯಾಗಿ ತೂಗಿಸಿಕೊಂಡು ಹೊರಟವಳ ಹಾಗೆ ತಿರುಗಿ ಮನೆಗೆ ಹೋದಳು.

ಸಂಸ್ಕಾರ ಮುಗಿದ ಮೇಲೆ ಮಾನಿಯಸ್ ವಿಬಿಯಸ್‌ನನ್ನು ಒಳಂಗಳದಲ್ಲಿ ನಿಲ್ಲಿಸಿಕೊಂಡ. ಮುಖ ಬಿಚ್ಚುವುದಕ್ಕೆ ಹೆರ್ಮೋನ್ ಬಿಸಿನೀರಿನ ಬಟ್ಟೆ ಒತ್ತಬೇಕಾಗಿತ್ತು. ವಿಬಿಯಸ್‌ನ ಕೆನ್ನೆಯ ಚರ್ಮ ಅಲ್ಲಲ್ಲಿ ಕಿತ್ತು ಬಂದಿತ್ತು.

"ಯಾರು ಹೇಳಿಕೊಟ್ಟರು ನಿನಗೆ? ಬಡವರ ಪರ ಕೂಗುವ ಆ ಟ್ರಿಬ್ಯೂನರ ಕಡೆಯವರಾ?"

"ಯಾರೂ ಇಲ್ಲ ಧಣಿ."

"ಹಾಗಾದರೆ ನೀನೇ ಹೇಳಿದೆಯಾ?"

ವಿಬಿಯಸ್ ನೆಲ ನೋಡಿದ. "ನಾನಲ್ಲ ಧಣಿ."

ಅಗಸ ಹೇಳಿದ ಎಂದರೆ ಒಬ್ಬ ಅಗಸ ಕಾನ್ಸಲ್‌ನ ಬಾಯಲ್ಲಿ ಊರ ಮುಂದೆ ಮಾತಾಡಿದಂತಾಯಿತು. ಅಜ್ಜನೇ ಹೇಳಿದ ಎಂದರೆ ಅದಕ್ಕಿಂತ ಕೆಟ್ಟದ್ದು. ಮಾನಿಯಸ್ ಎರಡನ್ನೂ ಒಪ್ಪಿಕೊಳ್ಳದೆ, "ಗೂಡಿಲ್ಲ. ಇನ್ನು ಈ ಬಾಗಿಲಿಗೆ ಬರಬೇಡ," ಎಂದಷ್ಟೇ ಹೇಳಿ ಒಳಗೆ ಹೋದ. ಚುನಾವಣೆಯಲ್ಲಿ ಸೋತ. ಮತಗಟ್ಟೆಯ ಸಾಲಿನಲ್ಲಿ ಜನ ಬೆರಳಿಂದ ಬೇಲಿಯ ಕಂಬಗಳನ್ನು ಟಕ್ ಟಕ್ ಬಡಿಯುತ್ತ ಹೋದರು ಎಂದು ನಮ್ಮ ಬೀದಿಯಲ್ಲಿ ಇಂದಿಗೂ ಹೇಳಿಕೊಂಡು ನಗುತ್ತಾರೆ.

ಕೆಲವು ದಿನದ ಮೇಲೆ ಹೆರ್ಮೋನ್ ತೊಟ್ಟಿಯ ಬಳಿ ಬಂದ, ಕಾನ್ಸಲ್‌ನ ಕೆಂಪು ಜೋಡು ವಿಬಿಯಸ್‌ನ ಬಳಿಯೇ ಉಳಿದಿತ್ತು ಎಂಬ ನೆಪದಲ್ಲಿ. ಜೋಡು ತೆಗೆದುಕೊಂಡ ಮೇಲೂ ಹೋಗಲಿಲ್ಲ.

"ಒಂದು ಮಾತು ವಿಬಿಯಸ್," ಎಂದ. "ಆ ಸಂಜೆ ಡೇರೇಲಿ ಧಣಿ ಊಟಕ್ಕೆ ಕೂತಿದ್ರು. ನಾನು ಕೈ ತೊಳೆಯೋ ಬೋಗುಣಿ ಹಿಡಿದು ನಿಂತಿದ್ದೆ. ಅವರ ಅಳಿಯ ಕೇಳ್ದ, ಸತ್ತವರಲ್ಲಿ ತಪ್ಪು ಮಾಡಿದವರು ಎಷ್ಟು ಜನ ಅಂತ. ಧಣಿ ಇದೇ ಮಾತು ಹೇಳಿದ್ರು. ಅಕ್ಷರ ಅಕ್ಷರ ಇದೇ. ಆ ಅಳಿಯ ಆ ಯುದ್ಧದಲ್ಲೇ ಸತ್ತ. ಉಳಿದವನು ನಾನೊಬ್ಬ. ನಾನು ಯಾರಿಗೂ ಹೇಳಿಲ್ಲ. ನಿಂಗೂ ಹೇಳಿಲ್ಲ, ಹೌದೋ ಅಲ್ವೋ?"

"ಹೇಳಿಲ್ಲ."

"ಹೇಳಿಲ್ಲ," ಎಂದು ಮುದುಕ ತನಗೇ ಹೇಳಿಕೊಂಡ. ಜೋಡನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಹೊರಟುಹೋದ.

ಬೆರಳುಗಳು ನಿಲ್ಲಲಿಲ್ಲ. ಊಟದಲ್ಲಿ, ತೊಟ್ಟಿಯ ಅಂಚಿನ ಮೇಲೆ, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟರೆ ಅಲ್ಲಿಯೂ. ನೋನಿಯ ಅವನ ಎಡಗಡೆ ಮಲಗತೊಡಗಿದಳು. ಅವಳನ್ನು ಬಯ್ಯುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ.

ಚಳಿ ಬಂದಾಗ ಹೆಲ್ವಿಯ ಹಾಸಿಗೆ ಹಿಡಿದಳು. ಗೂಡು ಹೋಯಿತೆಂದು ಅವಳು ಒಂದು ದಿನವೂ ಕೊರಗಲಿಲ್ಲ. ಮಗನೇ ಕೊರಗಿದ. ಒಂದು ಮಧ್ಯಾಹ್ನ ಅವಳು ಅವನನ್ನು ಹತ್ತಿರ ಕರೆದಳು.

"ಮಗಾ, ನಿಜ ಹೇಳು. ಸಾಯೋಳ ಹತ್ರ ಸುಳ್ಳು ಹೇಳ್ಬೇಡ. ಆವತ್ತು ಉತ್ತರ ಹೇಳಿದ್ದು ನೀನಾ, ಅವನಾ?"

ಅವಳು ಏನು ಕೇಳುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಹೇಳಿದ್ದು ಮಗನಾದರೆ ಅದು ಮುದುಕಿಯ ಸಮಾಧಾನಕ್ಕೆ ಆಡಿದ ಮಾತು, ಅವಳ ಗಂಡ ಇನ್ನೂ ಹೇಡಿಯೇ. ಅವನಾದರೆ ಗಂಡ ನಿರಪರಾಧಿ. ಆದರೆ ಮಗನೊಳಗೆ ಆ ಮನುಷ್ಯ ಬಂದು ಕೂತದ್ದು ಖರೆ.

"ಅವನೇ ಅವ್ವ," ಎಂದ ವಿಬಿಯಸ್. ಅವಳಿಗಾಗಿ ಹೇಳಿದ ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡು ಅತ್ತ.

"ಸದ್ಯ," ಎಂದಳು ಹೆಲ್ವಿಯ. ಕಣ್ಣು ಮುಚ್ಚಿಕೊಂಡಳು, ಮುಖದಲ್ಲಿ ನಗುವಿನಂಥದೇನೋ ಇತ್ತು. ಹಾಸಿಗೆಯ ಚೌಕಟ್ಟಿನ ಮೇಲೆ ಅವನ ಬೆರಳು ಬಡಿಯುತ್ತಿತ್ತು. ಟಕ್ ಟಕ್. ಅವಳು ಕಣ್ಣು ತೆರೆಯದೆ ಕೈ ಚಾಚಿ, ಆ ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನೋಡಿದರೂ ಆಗದಷ್ಟು ಗಟ್ಟಿಯಾಗಿ.

"ಇವನ್ನ ನಾನು ತಗೊಂಡು ಹೋಗ್ತೀನಿ," ಎಂದಳು. "ನಿನ್ನ ಹತ್ರ ಬೇಡ."

ಬೆಳಕು ಇಳಿಯುವ ಮುಂಚೆ ಅವಳು ಹೋದಳು. ಮುಷ್ಟಿ ಬಿಡಿಸಲು ನೋನಿಯ ಬೆಚ್ಚಗಿನ ಎಣ್ಣೆ ಹಚ್ಚಬೇಕಾಯಿತು. ಹೊರಗೆ ಬಂದ ಬೆರಳುಗಳು ಬೆಳ್ಳಗೆ, ನೆಟ್ಟಗೆ, ಸತ್ತವರ ಬೆರಳಿನಷ್ಟು ತಣ್ಣಗಿದ್ದವು. ಮತ್ತೆಂದೂ ಬಡಿಯಲಿಲ್ಲ. ಮಡಚಲೂ ಆಗಲಿಲ್ಲ, ಚುಚ್ಚಿದರೂ ಸುಟ್ಟರೂ ಗೊತ್ತಾಗುತ್ತಿರಲಿಲ್ಲ. ಉಳಿದ ಬೆರಳುಗಳಲ್ಲೇ ಅವನು ಬಟ್ಟೆ ಹಿಂಡುವುದು ಕಲಿತ.

ಹೆಲ್ವಿಯಳನ್ನು ಎಸ್ಕ್ವಿಲಿನ್ ಬಾಗಿಲಿನ ಹೊರಗಿನ ಗುಂಡಿಗೇ ಹಾಕಿದರು. ಹೊತ್ತವರು ಮಾತು ಕೇಳುವವರಲ್ಲ, ಯಾವ ಗುಂಡಿ ಎಂದು ತೋರಿಸಲೂ ಇಲ್ಲ. ವಾಪಸು ಬರುವ ದಾರಿಯಲ್ಲಿ ವಿಬಿಯಸ್ ಗೋಡೆಗೆ ಒರಗಿಕೊಂಡು ಮಗುವಿನ ಹಾಗೆ ಅತ್ತ. ಬದುಕಿನಲ್ಲಿ ಕೊಟ್ಟ ಒಂದೇ ಒಂದು ಮಾತನ್ನೂ ಉಳಿಸಿಕೊಳ್ಳಲಾಗಲಿಲ್ಲ ಎಂದು.

ಫೆಬ್ರವರಿಯಲ್ಲಿ ಸತ್ತವರ ದಿನಗಳು ಬಂದವು. ದೊಡ್ಡವರು ಹೂವಿನ ಬುಟ್ಟಿ ಹೊರಿಸಿಕೊಂಡು ತಮ್ಮ ಸಮಾಧಿಗಳಿಗೆ ಹೊರಟರು. ವಿಬಿಯಸ್ ವೈನಿನಲ್ಲಿ ನೆನೆಸಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮುಚ್ಚಿದ, ಮುಚ್ಚದ ಗುಂಡಿಗಳ ನಡುವೆ ಅಲೆದ. ಎಲ್ಲ ಕಡೆಯೂ ಒಂದೇ ಮಣ್ಣು, ಒಂದೇ ನಾತ. ನಾಯಿಗಳು ರೊಟ್ಟಿಯ ವಾಸನೆಗೆ ಹಿಂದೆ ಹಿಂದೆ ಬಂದವು. ಅವ್ವಾ ಎಂದು ಕರೆದ. ಯಾವ ಕಡೆ ಮುಖ ಮಾಡಿ ಕರೆಯಬೇಕೋ ತಿಳಿಯಲಿಲ್ಲ. ಕೊನೆಗೆ, ಎಲ್ಲಾದರೂ ಒಂದು ಕಡೆ ಇಟ್ಟು ಹೋಗೋಣ ಎಂದು ಬಗ್ಗಿದ.

ಆಗ ಬಲಗೈಯಲ್ಲಿ ಏನೋ ಆಯಿತು. ಅವನು ಅಲುಗದೆ ನಿಂತ. ಎರಡು ಹೆಜ್ಜೆ ಆ ಕಡೆ ಇಟ್ಟ, ಹೋಯಿತು. ಹಿಂದಕ್ಕೆ ಬಂದ, ಮತ್ತೆ ಆಯಿತು. ಮುಳ್ಳುಕಂಟಿಯ ಪಕ್ಕದ ಒಂದು ತಗ್ಗಿನ ಮೇಲೆ ಕೈ ಹಿಡಿದಾಗ, ಚುಚ್ಚಿದರೂ ಸುಟ್ಟರೂ ಗೊತ್ತಾಗದ ಆ ಎರಡು ಬೆರಳುಗಳನ್ನು ಯಾರೋ ಗಟ್ಟಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಮುಷ್ಟಿ ಬೆಚ್ಚಗಿತ್ತು.

ವಿಬಿಯಸ್ ಅಲ್ಲಿಯೇ ಮಂಡಿಯೂರಿ, ಎಡಗೈಯಿಂದ ಬಟ್ಟೆಯ ಗಂಟು ಬಿಚ್ಚಿ, ರೊಟ್ಟಿಯನ್ನು ಮಣ್ಣಿನ ಮೇಲೆ ಇಟ್ಟ.